ಮುಲ್ಕೋವಾಲದ ಸೀಸೆ

ಪ್ಲೇಗಿಗೆ ಮುಂಚೆ, ಪ್ಲೇಗಾದ ಮೇಲೆ ಎಂದು ಕಾಲವನ್ನೆಣಿಸುತ್ತಿದ್ದ ಹಿರಿಯರು ಒಂದು ಕಾಲಕ್ಕೆ ನಮ್ಮ ಮನೆಗಳಲ್ಲಿದ್ದರು. 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಆ ಮಾರಿಯ ಭಯದಿಂದಲೇ ಊರು ಮಲ್ಲೇಶ್ವರ, ಬಸವನಗುಡಿಗಳತ್ತ ಹಬ್ಬಿತು. ಮುಂಬಯಿಗೆ ರೋಗ ಎರಡು ವರ್ಷ ಮೊದಲೇ ಬಂದಿತ್ತು. ಆಗ ಸರ್ಕಾರ ಅಲ್ಲಿಗೆ ಕಳುಹಿಸಿದ್ದು ಒಡೆಸ್ಸಾದಲ್ಲಿ ಹುಟ್ಟಿ, ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಪಳಗಿದ ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿಯನ್ನು. ಅವರು ಕೆಲವೇ ತಿಂಗಳಲ್ಲಿ ಮದ್ದು ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು.

ಆದರೆ ಸರ್ಕಾರದ ಕಿವಿ ಆಗ ಬೇರೆ ಕಡೆ ಇತ್ತು. ಮನೆಗಳಿಗೆ ಸಿಪಾಯಿಗಳನ್ನು ನುಗ್ಗಿಸುವುದು, ರೋಗಿಗಳನ್ನು ಎಳೆದೊಯ್ಯುವುದು, ಸಾಮಾನು ಸುಡುವುದು! ಪುಣೆಯಲ್ಲಿ ಇದರ ಮೇಲ್ವಿಚಾರಕರಾಗಿದ್ದ ರ‍್ಯಾಂಡ್ ಸಾಹೇಬರು 1897ರ ಜೂನ್ 22ರ ರಾತ್ರಿ ಗುಂಡೇಟು ತಿಂದರು. ಬಲಾತ್ಕಾರದ ಬೆಲೆ ತಿಳಿದ ಮೇಲೆ ಒಪ್ಪಿಗೆಯಿಂದ ನಡೆಯುವ ಚುಚ್ಚುಮದ್ದು ಹಿತವಾಗಿ ಕಂಡಿರಬೇಕು. ನಮ್ಮ ಹುಬ್ಬಳ್ಳಿಯಲ್ಲಿಯೂ 1898ರಲ್ಲಿ ಲ್ಯೂಮನ್ ಎಂಬ ವೈದ್ಯರು ಸಾವಿರಾರು ಜನರಿಗೆ ಸೂಜಿ ಹಾಕಿದರು.

1902ರಲ್ಲಿ ಪಂಜಾಬಿನಲ್ಲಿ ರೋಗ ಉಲ್ಬಣಿಸಿತು. ಮದ್ದು ಬೇಕು, ಬೇಗ ಬೇಕು, ಬಹಳ ಬೇಕು ಎಂದಿತು ಸರ್ಕಾರ. ಅಷ್ಟು ಮದ್ದನ್ನು ಹೊರತರಲು ಹಾಫ್‌ಕಿನ್ ತಯಾರಿಕೆಯ ಕ್ರಮವನ್ನು ಬದಲಿಸಿ ಕಾರ್ಬಾಲಿಕ್ ಆಮ್ಲವನ್ನು ಕೈಬಿಟ್ಟರು. ಶುದ್ಧಿಗೆ ಕಾವನ್ನೇ ನಂಬಿದರು. ಪಾಶ್ಚರ್ ಸಂಸ್ಥೆಯಲ್ಲಿ ಅದು ಹೊಸದೇನೂ ಅಲ್ಲ. ಅಕ್ಟೋಬರ್ 30ರಂದು ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಮಂದಿ ಚುಚ್ಚಿಸಿಕೊಂಡರು. 53-ಎನ್ ಎಂಬ ಗುರುತಿನ ಒಂದೇ ಸೀಸೆಯಿಂದ ಮದ್ದು ಪಡೆದ 19 ಮಂದಿಗೂ ಧನುರ್ವಾಯು ಹಿಡಿಯಿತು. 19 ಮಂದಿಯೂ ತೀರಿಕೊಂಡರು. ಬೇರೆ ಸೀಸೆಗಳವರಿಗೆ ಏನೂ ಆಗಲಿಲ್ಲ.

ತಪ್ಪು ಎಲ್ಲಿ? ಸೀಸೆ ಬಿಚ್ಚುವಾಗ ಕಾಂಪೌಂಡರನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಕುದಿಸದೆ ಬಳಸಲಾಯಿತು ಎಂಬ ಸಂಗತಿ ವಿಚಾರಣೆಯ ಕಾಗದಗಳಲ್ಲಿಯೇ ಇತ್ತು. ಆದರೂ ಸರ್ಕಾರದ ಆಯೋಗವು, ವಿಷ ಸೇರಿದ್ದು ಬಿಚ್ಚುವ ಮೊದಲೇ, ಪ್ರಯೋಗಾಲಯದಲ್ಲೇ ಎಂದು ತೀರ್ಮಾನಿಸಿತು. ಹಳ್ಳಿಯ ನೆಲದ ಮಣ್ಣಿಗಿಂತ ಹೊರಗಿನವನೊಬ್ಬನ ಹೊಸ ಪದ್ಧತಿಯನ್ನು ದೂರುವುದು ಸುಲಭ. ಅವಸರಪಡಿಸಿದವರು ಯಾರೆಂದು ಆಯೋಗ ಕೇಳಿತೆ? ಅದು ಅದಕ್ಕೆ ಒಪ್ಪಿಸಿದ ಕೆಲಸವಲ್ಲ!

ಹಾಫ್‌ಕಿನ್ ತಾವೇ ಕಟ್ಟಿದ ಪ್ರಯೋಗಾಲಯದ ಯಜಮಾನಿಕೆ ಕಳೆದುಕೊಂಡು ಇಂಗ್ಲೆಂಡಿಗೆ ಹೋದರು. ಅವರ ಪರ ನಿಂತವರು ಮಲೇರಿಯಾ ಸೊಳ್ಳೆಯ ಗುಟ್ಟನ್ನು ಬಯಲುಮಾಡಿದ ರೊನಾಲ್ಡ್ ರಾಸ್. ವಿಷ ಮೊದಲೇ ಸೀಸೆಯಲ್ಲಿದ್ದರೆ ಮದ್ದು ನಾರಬೇಕಿತ್ತು, ನಾರಲಿಲ್ಲವಲ್ಲ ಎಂಬುದು ಅವರ ವಾದ. 1907ರಲ್ಲಿ ಹತ್ತು ಮಂದಿ ವಿಜ್ಞಾನಿಗಳು ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಬರೆದ ಕಾಗದ ಸರ್ಕಾರದ ಮನಸ್ಸನ್ನು ಕರಗಿಸಿತು. ಐದು ವರ್ಷದ ಕಳಂಕ ತೊಳೆಯಿತು.

ಅವರು ಮತ್ತೆ ಭಾರತಕ್ಕೆ ಬಂದರು, ಆದರೆ ಮುಂಬಯಿಗೆ ಅಲ್ಲ, ಕಲಕತ್ತೆಗೆ. ಮನುಷ್ಯರ ಮೇಲೆ ಮದ್ದಿನ ಪ್ರಯೋಗ ನಡೆಸಲು ಅಲ್ಲಿ ಅವರಿಗೆ ಅವಕಾಶವಿರಲಿಲ್ಲ. ಪರೇಲಿನ ಆ ಪ್ರಯೋಗಾಲಯಕ್ಕೆ ಅವರ ಹೆಸರಿಟ್ಟದ್ದು 1925ರಲ್ಲಿ.