ಕೋಟೆಗೂ ಕುದುರೆಗೂ ಮೀರಿದ ಆಶ್ರಯ

ಗಂಗಾವತಿಯಿಂದ ಕಾರಟಗಿಯ ಕಡೆಗೆ ಹೊರಟರೆ ನಡುವೆ ಸಿದ್ದಾಪುರ ಸಿಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಬೆಳೆದ ಭತ್ತದ ಸೀಮೆಯಿದು. ಆದರೆ ಗಂಗಾವತಿ ದಾಟಿ ಪಶ್ಚಿಮಕ್ಕೆ ಹೋದರೆ ನೋಟವೇ ಬದಲಾಗುತ್ತದೆ. ಒಂದರ ಮೇಲೊಂದು ಪೇರಿಸಿಟ್ಟಂತಹ ಬಂಡೆಗಳು, ಅವುಗಳ ನಡುವೆ ಹಳೆಯ ಕೋಟೆಗಳ ಅವಶೇಷಗಳು. ಕುಮ್ಮಟದುರ್ಗ ಇರುವುದು ಇಲ್ಲೇ.

ಈ ಬಂಡೆಗಳನ್ನು ಕಂಡಾಗ ನಮಗೆ ದಾವೀದನ ಕೀರ್ತನೆಗಳು ನೆನಪಾಗುತ್ತವೆ. ಯಹೂದಿಯರಿಗೂ ಕ್ರೈಸ್ತರಿಗೂ ಅವು ಪವಿತ್ರ. ದಾವೂದರಿಗೆ ಝಬೂರ್ ನೀಡಲಾಯಿತೆಂದು ಕುರ್‌ಆನ್ ಹೇಳುತ್ತದೆ. ಒಟ್ಟು 150 ಕೀರ್ತನೆಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಮಾತಿದೆ: ದೇವರೇ ಬಂಡೆ, ದೇವರೇ ಕೋಟೆ. 33ನೆಯ ಕೀರ್ತನೆ, ಕುದುರೆಯ ಬಲದಿಂದ ರಕ್ಷಣೆ ಸಿಗದು ಎನ್ನುತ್ತದೆ. 146ನೆಯದು, ಅರಸರನ್ನು ನೆಚ್ಚಬೇಡಿ ಎಂದು ಎಚ್ಚರಿಸುತ್ತದೆ. ಇವು ಯುದ್ಧ ಕಾಣದವರ ಮಾತುಗಳಲ್ಲ. ಸೌಲ ರಾಜನಿಗೆ ಹೆದರಿ ದಾವೀದನು ಗವಿಯಲ್ಲಿ ಅಡಗಿದ್ದ ಕಾಲದ್ದೆಂದು 57ನೆಯ ಕೀರ್ತನೆಯ ತಲೆಬರಹವೇ ಹೇಳುತ್ತದೆ. ಮುಂದೆ ಅರಸನಾದವನು ಒಂದು ಕಾಲಕ್ಕೆ ಆಶ್ರಯ ಬೇಡುವ ನಿರಾಶ್ರಿತನಾಗಿದ್ದ.

ಕುಮ್ಮಟದ ಕಥೆಯೂ ಒಬ್ಬ ನಿರಾಶ್ರಿತನಿಂದಲೇ ಶುರುವಾಗುತ್ತದೆ. ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್‌ನ ಬಂಧು ಬಹಾವುದ್ದೀನ್ ಗುರ್ಷಾಸ್ಪ್, ಇಂದಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಅಧಿಕಾರಿಯಾಗಿದ್ದ. ಸುಲ್ತಾನನ ವಿರುದ್ಧ ಬಂಡೆದ್ದು ಸೋತು, ಕಂಪಿಲರಾಯನ ಬಳಿಗೆ ಓಡಿ ಬಂದ. ಮರೆಹೊಕ್ಕವನನ್ನು ಒಪ್ಪಿಸಲು ಕಂಪಿಲರಾಯ ಒಪ್ಪಲಿಲ್ಲ. ಅಂದಿನ ಹಿಂದೂಸ್ತಾನದ ಅತಿ ದೊಡ್ಡ ಸೈನ್ಯ ಈ ಪುಟ್ಟ ರಾಜ್ಯದ ಮೇಲೆ ಎರಗಿತು. 1327ರ ಹೊತ್ತಿಗೆ ಎಲ್ಲವೂ ಮುಗಿದಿತ್ತು. ಇಬ್ನ್ ಬತೂತ ಬರೆದಿರುವಂತೆ, ಕೋಟೆಯೊಳಗೆ ದವಸ ತೀರಿದಾಗಲೂ ರಾಯನು ಅತಿಥಿಯನ್ನು ಶತ್ರುವಿನ ಕೈಗೆ ಕೊಡಲಿಲ್ಲ. ಅವನನ್ನು ಮತ್ತೊಬ್ಬ ಅರಸನ ಬಳಿಗೆ ಸಾಗಿಸಿ, ತಾನು ಹೊರಬಂದು ಹೋರಾಡಿ ಮಡಿದ. ಆ ಮತ್ತೊಬ್ಬ ಅರಸ ಹೊಯ್ಸಳರ ಮೂರನೆಯ ಬಲ್ಲಾಳ. ಅವನು ಗುರ್ಷಾಸ್ಪ್‌ನನ್ನು ಒಪ್ಪಿಸಿಬಿಟ್ಟ. ಸುಲ್ತಾನ ಅವನನ್ನು ಕ್ರೂರವಾಗಿ ಕೊಲ್ಲಿಸಿದ.

ಇದನ್ನು ಎರಡು ಧರ್ಮಗಳ ಕಾಳಗವೆಂದು ಹೇಳುವವರಿದ್ದಾರೆ. ಓಡಿ ಬಂದವನೂ ಅಟ್ಟಿಸಿಕೊಂಡು ಬಂದವನೂ ಮುಸ್ಲಿಮರು. ಕಾಪಾಡಿದವನೂ ಒಪ್ಪಿಸಿದವನೂ ಹಿಂದೂಗಳು. ಹೀಗಿರುವಾಗ ಆ ಮಾತು ಹೇಗೆ ನಿಂತೀತು? ಇಲ್ಲಿ ಎದುರಾದದ್ದು ಆಶ್ರಯದ ಧರ್ಮ ಮತ್ತು ಅಧಿಕಾರದ ಮದ.

ಕುಮ್ಮಟದ ಕೋಟೆ ತನ್ನ ಒಡೆಯನನ್ನು ಕಾಯಲಿಲ್ಲ. ಹಾಗಾದರೆ ಗೆದ್ದವನ ಬಲ ಉಳಿಯಿತೇ? 1336ರಲ್ಲಿ ಇದೇ ತುಂಗಭದ್ರೆಯ ದಡದಲ್ಲಿ ವಿಜಯನಗರ ಹುಟ್ಟಿತು. 1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾಗಿ ದಖ್ಖನ್ನು ದೆಹಲಿಯ ಕೈತಪ್ಪಿತು. ಇನ್ನೊಂದು ದಂಗೆಕೋರನನ್ನು ಅಟ್ಟಿಸಿಕೊಂಡು ಹೋದ ಸುಲ್ತಾನ 1351ರಲ್ಲಿ ದೂರದ ಸಿಂಧ್‌ನಲ್ಲಿ ಕಾಯಿಲೆಯಿಂದ ತೀರಿಕೊಂಡ. ಗೆಲುವನ್ನು ದೇವರ ಕೃಪೆಯ ಸನದು ಎಂದು ಎತ್ತಿ ತೋರಿಸುವವರು ಈ ಇಪ್ಪತ್ನಾಲ್ಕು ವರ್ಷಗಳನ್ನು ಓದಬೇಕು. ಕೀರ್ತನೆಗಳು ಗೆದ್ದವರ ಜಯಘೋಷವಾಗಿ ಮಾತ್ರ ಉಳಿದಿಲ್ಲ. 44ನೆಯ ಕೀರ್ತನೆ ಸೋತವರ ಗೋಳು. ಬಿಲ್ಲನ್ನೂ ಕತ್ತಿಯನ್ನೂ ನೆಚ್ಚಲಿಲ್ಲ, ಆದರೂ ಸೋತೆವೇಕೆ ಎಂದು ಅದು ದೇವರನ್ನೇ ಕೇಳುತ್ತದೆ.

ಕಂಪಿಲರಾಯನ ಮಗ ಕುಮಾರರಾಮನನ್ನು ಜನ ಇಂದಿಗೂ ಮರೆತಿಲ್ಲ. ಗಂಡುಗಲಿ ಎಂದು ಹೊಗಳುವ ಬಾಯಲ್ಲೇ ಪರನಾರಿ ಸಹೋದರ ಎಂದೂ ಕರೆಯುತ್ತಾರೆ. ತೋಳಿನ ಬಲಕ್ಕೆ ನಡತೆಯ ಕಡಿವಾಣ ಇದ್ದುದರಿಂದಲೇ ಜನಪದ ಅವನನ್ನು ಎದೆಯಲ್ಲಿಟ್ಟುಕೊಂಡಿತು.

ದೇವರನ್ನು ನೆಚ್ಚುವುದೆಂದರೆ ಕೈಕಟ್ಟಿ ಕೂರುವುದಲ್ಲ. 127ನೆಯ ಕೀರ್ತನೆಯಲ್ಲಿ ಮನೆ ಕಟ್ಟುವವನೂ ಇದ್ದಾನೆ, ಊರು ಕಾಯುವವನೂ ಇದ್ದಾನೆ. ಅವರು ಕೆಲಸ ಬಿಡಬೇಕೆಂದು ಅದು ಹೇಳುವುದಿಲ್ಲ. ಕೆಲಸದ ಫಲ ತಮ್ಮ ಕೈಯಲ್ಲೇ ಇದೆಯೆಂಬ ಅಹಂಕಾರವನ್ನು ಬಿಡಿ ಎನ್ನುತ್ತದೆ, ಅಷ್ಟೆ.

ಸಿದ್ದಾಪುರದ ರೈತನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋಯಿತು. ಏಳು ದಶಕ ನೆಚ್ಚಿದ್ದ ನೀರು ಕಣ್ಣೆದುರೇ ನದಿಗೆ ಹರಿಯಿತು. ತಂತ್ರಜ್ಞರೂ ಕಾರ್ಮಿಕರೂ ರಭಸದ ನೀರಿನ ನಡುವೆಯೇ ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿದರು. ಆಮೇಲೆ ಮಳೆ ಬಂತು, ಜಲಾಶಯ ಮತ್ತೆ ತುಂಬಿತು. ಗೇಟು ಕೂರಿಸಿದ್ದು ಮನುಷ್ಯನ ಕೈ. ಆದರೆ ಮಳೆಯನ್ನು ಕರೆಸಿದ್ದು ಯಾವ ಕೈಯೂ ಅಲ್ಲ. ಈ ಎರಡನ್ನೂ ಒಟ್ಟಿಗೆ ನೆನೆಯುವುದಾದರೆ, ಬಾಗಿಲಿಗೆ ಬಂದ ನಿರಾಶ್ರಿತನಿಗೆ ಇಲ್ಲವೆನ್ನುವ ಮುನ್ನ ನಾವು ಒಂದು ಕ್ಷಣ ತಡೆದೇವು.