ಬಿಚ್ಚಿಟ್ಟ ಘನಗಳು

ಸಿಹಿತಿಂಡಿಯ ರಟ್ಟಿನ ಡಬ್ಬಿಯ ಅಂಟು ಬಿಡಿಸಿ ಮೇಜಿನ ಮೇಲೆ ಹರಡಿದರೆ ಒಂದು ಚಪ್ಪಟೆ ಹಾಳೆ ಸಿಗುತ್ತದೆ. ಮತ್ತೆ ಮಡಚಿದರೆ ಡಬ್ಬಿ. ಗಣಿತದಲ್ಲಿ ಇಂಥ ಹಾಳೆಗೆ ‘ಜಾಲ’ ಎಂದು ಹೆಸರು. ಘನಾಕೃತಿಗಳನ್ನು ಒಂದೊಂದಾಗಿ ಹೀಗೆ ಬಿಚ್ಚಿ ಅಚ್ಚಿನಲ್ಲಿ ತೋರಿಸಿದ ಹಿರಿಮೆ ಸಾಮಾನ್ಯವಾಗಿ ಸಲ್ಲುವುದು ನ್ಯೂರೆಂಬರ್ಗಿನ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರನಿಗೆ. ಅಳತೆಯ ವಿದ್ಯೆ ಕಲಿಸುವ ಅವನ ಪುಸ್ತಕ ಬಂದದ್ದು 1525ರಲ್ಲಿ.

ಅದಕ್ಕೂ ಮೊದಲು, 1509ರಲ್ಲಿ, ವೆನಿಸ್‌ನಲ್ಲಿ ಲೂಕಾ ಪಾಚೋಲಿಯ ಪುಸ್ತಕ ಅಚ್ಚಾಗಿತ್ತು. ಅದರ ಘನಾಕೃತಿಗಳ ಚಿತ್ರಗಳಿಗೆ ಮೂಲ ಲಿಯೊನಾರ್ಡೊ ಡ ವಿಂಚಿ. ನೋಡಲು ಮೋಹಕ. ಆದರೆ ನೋಟದಲ್ಲಿ ಮುಂದಿನ ಮುಖ ಹಿಂದಿನದನ್ನು ಮರೆಮಾಡುತ್ತದೆ, ಚೌಕ ಓರೆಯಾಗುತ್ತದೆ. ಅಂಚುಗಳನ್ನಷ್ಟೇ ಉಳಿಸಿದ ಪೊಳ್ಳು ಚೌಕಟ್ಟುಗಳನ್ನೂ ಲಿಯೊನಾರ್ಡೊ ಬರೆದ. ಹಿಂಬದಿ ಕಂಡಿತು, ಅಳತೆ ಸಿಗಲಿಲ್ಲ. ಡ್ಯೂರರನ ಜಾಲದಲ್ಲಿ ಪ್ರತಿ ಮುಖವೂ ನಿಜ ಆಕಾರದಲ್ಲಿದೆ, ಯಾವುದೂ ಮರೆಯಾಗಿಲ್ಲ. ಇಲ್ಲದಿರುವುದು ಘನವೊಂದೇ, ಅದನ್ನು ಓದುಗ ತಾನೇ ಮಡಚಿಕೊಳ್ಳಬೇಕು.

ಅವನ ಓದುಗರಿಗೆ ಅದು ಕಷ್ಟವಾಗಿರಲಾರದು. ಡ್ಯೂರರ್ ಅಕ್ಕಸಾಲಿಗನ ಮಗ. ಬರೆದದ್ದು ಚಿತ್ರಕಾರರು, ಅಕ್ಕಸಾಲಿಗರು, ಕಲ್ಲುಕುಟಿಗರು, ಬಡಗಿಗಳಿಗಾಗಿ. ವಿದ್ವಾಂಸರ ಭಾಷೆ ಲ್ಯಾಟಿನ್ ಆಗಿದ್ದಾಗ ಅವನು ಜರ್ಮನ್ನಿನಲ್ಲಿ ಬರೆದ. ನಮ್ಮ ಪಠ್ಯಗಳ ದೀರ್ಘವೃತ್ತ ಅವನಿಗೆ ‘ಮೊಟ್ಟೆಗೆರೆ’. ಪರವಲಯ ‘ಉರಿಗೆರೆ’, ಬಿಸಿಲನ್ನು ಒಂದೆಡೆ ಸೇರಿಸಿ ಉರಿಸುವ ಕನ್ನಡಿಯ ಆಕಾರ ಅದೇ ತಾನೆ. ಅನುವಾದಕರಿಗೆ ಹೊಟ್ಟೆಕಿಚ್ಚು ತರಿಸುವ ಪದಗಳಿವು.

ಆದರೆ ಮೊಟ್ಟೆಗೆರೆಯಲ್ಲೊಂದು ಎಡವಟ್ಟಿದೆ. ಶಂಕುವನ್ನು ಓರೆಯಾಗಿ ಕತ್ತರಿಸಿದಾಗ ಸಿಗುವ ಈ ಗೆರೆಯನ್ನು ಪಡೆಯಲು ಅವನು ಶಂಕುವಿನ ಪಕ್ಕನೋಟ, ಮೇಲ್ನೋಟ ಎರಡನ್ನೂ ಬರೆದು, ಒಂದೊಂದೇ ಅಗಲವನ್ನು ಅಳೆದು ತಂದ. ವಿಧಾನ ಸರಿ. ಆದರೂ ಪುಸ್ತಕದ ಚಿತ್ರದಲ್ಲಿ ಗೆರೆ ಕೆಳಗೆ ಅಗಲ, ಮೇಲೆ ಸಪೂರ, ಥೇಟ್ ಮೊಟ್ಟೆ. ಶಂಕು ಕೆಳಗೆ ಅಗಲವಾದ್ದರಿಂದ ಗೆರೆಯೂ ಹಾಗೇ ಇರಬೇಕೆಂದು ಕಣ್ಣಿಗೆ ಅನಿಸುತ್ತದೆ. ನಿಜವಾದ ದೀರ್ಘವೃತ್ತದ ಎರಡೂ ತುದಿ ಒಂದೇ ಸಮ. ಅಷ್ಟು ಪಳಗಿದ ಕಣ್ಣೂ ಎಡವುತ್ತದೆ. ಘನವನ್ನು ಹಾಳೆಗಿಳಿಸುವ ವಿಧಾನಗಳು ಬೇಕಾದದ್ದು ಅದಕ್ಕೇ.

ಡ್ಯೂರರ್ ತೀರಿಕೊಂಡದ್ದು 1528ರಲ್ಲಿ. 1532ರಲ್ಲಿ ಪ್ಯಾರಿಸ್‌ನಲ್ಲಿ ಪುಸ್ತಕದ ಲ್ಯಾಟಿನ್ ಅನುವಾದ ಬಂತು. ಬಡಗಿಗೆಂದು ಬರೆದದ್ದನ್ನು ಓದಲು ಈ ಸಲ ಅನುವಾದ ಬೇಕಾದದ್ದು ವಿದ್ವಾಂಸರಿಗೆ.

ಅವನ ಜಾಲಗಳು ಒಂದು ಪ್ರಶ್ನೆಯನ್ನೂ ಬಿಟ್ಟುಹೋಗಿವೆ. 1975ರಲ್ಲಿ ಗಣಿತಜ್ಞ ಜೆಫ್ರಿ ಶೆಫರ್ಡ್ ಅದನ್ನು ಸ್ಪಷ್ಟವಾಗಿ ಕೇಳಿದರು: ಎಲ್ಲೂ ಒಳತಗ್ಗಿಲ್ಲದ ಯಾವುದೇ ಬಹುಫಲಕವನ್ನು ಅಂಚುಗಳಲ್ಲಷ್ಟೇ ಕತ್ತರಿಸಿ, ಒಂದೇ ತುಂಡಾಗಿ, ಮುಖದ ಮೇಲೆ ಮುಖ ಬೀಳದಂತೆ ಹರಡಬಹುದೇ? ಹೌದೆಂದು ಸಾಧಿಸಿದವರಿಲ್ಲ. ಬಿಚ್ಚಿಕೊಳ್ಳದ ಒಂದೇ ಒಂದು ಘನವನ್ನು ತೋರಿಸಿದವರೂ ಇಲ್ಲ.