ಸಂತೆಯ ತಕ್ಕಡಿ, ದೇವರ ಮೆಚ್ಚಿಗೆ

ಮಾಯಸಂದ್ರ, ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಅಟ್ಟದ ಮೇಲೆ ಹಲವು ತಿಂಗಳು ಇರಬೇಕು. ಒಳಗಿನ ನೀರು ಇಂಗಿ, ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಸುಲಿದು, ಒಡೆದು, ತಿಪಟೂರಿನ ಮಾರುಕಟ್ಟೆಗೆ ಒಯ್ಯುತ್ತಾರೆ. ಒಂದು ಮನೆಯ ಹಲವು ತಿಂಗಳ ಕಾಯುವಿಕೆ ಕೊನೆಗೆ ನಿಲ್ಲುವುದು ತಕ್ಕಡಿಯ ಮುಂದೆ. ತೂಗುವವನ ಕೈ ನೇರವಾಗಿದ್ದರೆ ಸಾಲ ತೀರುತ್ತದೆ, ಇಲ್ಲವಾದರೆ ಇಲ್ಲ.

ದೇವರು ಮೆಚ್ಚುವ ಬಾಳಿಗೂ ಈ ತಕ್ಕಡಿಗೂ ನೇರ ಸಂಬಂಧವಿದೆ ಎಂದು ನಂಬಿದ ಕ್ರೈಸ್ತ ಪಂಥವೊಂದು ಇದೇ ಸೀಮೆಯ ಮಗ್ಗುಲಲ್ಲಿ ನೆಲೆಯೂರಿತ್ತು. ಅದು ವೆಸ್ಲಿಯನ್ ಮಿಷನ್. 1821ರಲ್ಲಿ ಬೆಂಗಳೂರಿಗೆ ಬಂದ ಈ ಮಿಷನ್ 1837ರಲ್ಲಿ ಗುಬ್ಬಿಯಲ್ಲಿ ಕೇಂದ್ರ ತೆರೆಯಿತು. ಥಾಮಸ್ ಹಾಡ್ಸನ್ ಅಲ್ಲಿ ಕನ್ನಡದಲ್ಲಿ ಬೋಧನೆ ಆರಂಭಿಸಿದರು. ಗುಬ್ಬಿ ಆಗಲೇ ಹೆಸರಾದ ಸಂತೆಯ ಊರು. 1800ರಲ್ಲಿ ಈ ದಾರಿಯಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್ ಅದರ ವ್ಯಾಪಾರವನ್ನು ವಿಶೇಷವಾಗಿ ಗುರುತಿಸಿದ್ದರು.

ಈ ಪಂಥದ ಮೂಲಪುರುಷ ಜಾನ್ ವೆಸ್ಲಿ ಇಂಗ್ಲೆಂಡಿನಲ್ಲಿ 1743ರಲ್ಲೇ ಅನುಯಾಯಿಗಳಿಗೆ ನಿಯಮಗಳನ್ನು ಬರೆದುಕೊಟ್ಟಿದ್ದರು. ಕೇಡು ಮಾಡದಿರುವುದು, ಒಳಿತು ಮಾಡುವುದು, ಪ್ರಾರ್ಥನೆ ಮೊದಲಾದ ದೈವವಿಧಿಗಳನ್ನು ಪಾಲಿಸುವುದು ಎಂಬ ಮೂರು ಭಾಗಗಳು ಅದರಲ್ಲಿದ್ದವು. ಕೇಡುಗಳ ಪಟ್ಟಿಯಲ್ಲಿ ಕುಡಿತ, ಜಗಳಗಳ ಜೊತೆಗೆ ಬಡ್ಡಿ ವ್ಯವಹಾರ, ಸುಂಕ ಕಟ್ಟದ ಸರಕಿನ ಮಾರಾಟ, ಕೊಡುಕೊಳ್ಳುವಾಗ ಆಡುವ ಅತಿ ಮಾತು ಕೂಡ ಸೇರಿದ್ದು ಗಮನಾರ್ಹ. ಸತ್ಕಾರ್ಯವು ಮುಕ್ತಿಗೆ ತೆರುವ ಬೆಲೆಯಲ್ಲ, ಅದು ದೇವರ ಕೃಪೆ ಪಡೆದವನ ಬಾಳಿನಲ್ಲಿ ಬಿಡುವ ಫಲ ಎಂಬುದು ಅವರ ನಿಲುವು. ಫಲವೇ ಕಾಣದಿದ್ದರೆ ಮರದ ಬಗ್ಗೆ ಅನುಮಾನ ಬರುವುದು ಸಹಜ.

1839ರಲ್ಲಿ ಗುಬ್ಬಿಗೆ ಬಂದ ವಿಲಿಯಂ ಆರ್ಥರ್‌ಗೆ ಆಗ ಇಪ್ಪತ್ತು ವರ್ಷ. ಐರ್ಲೆಂಡಿನವರಾದ ಅವರು ಇಲ್ಲಿ ಕನ್ನಡ ಕಲಿತು ಜನರ ನಡುವೆ ಓಡಾಡಿದರು. ಆದರೆ ಆರೋಗ್ಯ ಕೆಟ್ಟು, ಕಣ್ಣಿನ ತೊಂದರೆಯೂ ಸೇರಿ 1841ರಲ್ಲಿ ಮರಳಬೇಕಾಯಿತು. ಮೈಸೂರು ಸೀಮೆಯ ಅನುಭವವನ್ನು 1847ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು.

ಐದು ವರ್ಷಗಳ ನಂತರ ಅವರು ಬರೆದದ್ದು ಪಾದ್ರಿಯೊಬ್ಬರ ಚರಿತ್ರೆಯಲ್ಲ, ದಿನಸಿ ವರ್ತಕರೊಬ್ಬರ ಚರಿತ್ರೆ. ಬ್ರಿಸ್ಟಲ್ ಬಳಿಯ ಸ್ಯಾಮ್ಯುಯೆಲ್ ಬಡ್ಜೆಟ್ ಸಣ್ಣ ಅಂಗಡಿಯಿಂದ ದೊಡ್ಡ ಸಗಟು ವ್ಯಾಪಾರಕ್ಕೆ ಬೆಳೆದವರು. ಆ ಕಾಲದಲ್ಲಿ ಮೆಣಸಿನಪುಡಿಗೆ ಅಗ್ಗದ ಪುಡಿಯೊಂದನ್ನು ಬೆರೆಸುವುದು ಅಂಗಡಿಯವರ ವಾಡಿಕೆಯಾಗಿತ್ತು. ಬಡ್ಜೆಟ್ ಅವರ ಅಂಗಡಿಯಲ್ಲೂ ಅದರ ಪೀಪಾಯಿ ಇತ್ತು. ಮನಸ್ಸು ಒಪ್ಪದೆ ಒಂದು ರಾತ್ರಿ ಅವರು ಅದನ್ನು ಹೊರಗೆ ಉರುಳಿಸಿಕೊಂಡು ಹೋಗಿ ಒಡೆದು ಚೆಲ್ಲಿದರು. ಎಲ್ಲರೂ ಮಾಡುತ್ತಾರೆ ಎಂಬ ಸಮಾಧಾನ ಅವರಿಗೆ ಸಾಲಲಿಲ್ಲ. ಆದರೂ ಆರ್ಥರ್ ತಮ್ಮ ನಾಯಕನನ್ನು ಸಂತನನ್ನಾಗಿ ಮಾಡಲಿಲ್ಲ. ಖರೀದಿಯಲ್ಲಿ ಅವರ ಚೌಕಾಸಿ ಬಿಗಿ ಎಂಬ ಆಕ್ಷೇಪವನ್ನು ಮುಚ್ಚಿಡಲಿಲ್ಲ. ಮಾರುವಾಗ ಸಾಚಾ ಆಗಿರುವವನು ಕೊಳ್ಳುವಾಗಲೂ ಹಾಗಿರಬಲ್ಲನೇ? ಈ ಪ್ರಶ್ನೆ ಸುಲಭದ್ದಲ್ಲ. ಬಡವನ ಬೆಳೆ ಕೊಳ್ಳುವ ಎಲ್ಲೆಡೆಯೂ ಅದು ಎದುರಾಗುತ್ತದೆ.

ಗಳಿಸಿದ್ದರಲ್ಲಿ ಇಷ್ಟು ಪಾಲು ಎಂದು ಮೊದಲೇ ನಿಗದಿಮಾಡಿ ದಾನಕ್ಕೆ ತೆಗೆದಿಡಬೇಕೆಂದು ಆರ್ಥರ್ 1855ರಲ್ಲಿ ವಾದಿಸಿದರು. ಉಳಿದರೆ ಕೊಡುತ್ತೇನೆ ಎಂದುಕೊಂಡವನಿಗೆ ಉಳಿಯುವುದೇ ಅಪರೂಪ ಎಂಬುದು ಎಲ್ಲ ಸಂಸಾರಿಗಳಿಗೂ ಗೊತ್ತಿರುವ ಸಂಗತಿ. 1866ರಲ್ಲಿ ವೆಸ್ಲಿಯನ್ ಮಹಾಸಭೆಯ ಅಧ್ಯಕ್ಷರೂ ಆದ ಅವರು 1901ರಲ್ಲಿ ತೀರಿಕೊಂಡರು.

ಈ ಮಾತುಗಳು ತೆಂಗಿನ ಸೀಮೆಗೆ ಪೂರ್ತಿ ಹೊಸವೇನಲ್ಲ. ಮಾಯಸಂದ್ರಕ್ಕೆ ಹತ್ತಿರದ ಎಡೆಯೂರು ತೋಂಟದ ಸಿದ್ಧಲಿಂಗ ಯತಿಗಳ ನೆಲೆ. ಅವರ ಶರಣ ಪರಂಪರೆ ಕಾಯಕ, ದಾಸೋಹಗಳನ್ನು ಶತಮಾನಗಳ ಹಿಂದೆಯೇ ಭಕ್ತಿಯ ಒಳಗೆ ತಂದಿತ್ತು. ತತ್ವದಲ್ಲಿ ಎರಡೂ ಬೇರೆಬೇರೆ: ಒಂದರ ಕೇಂದ್ರ ಇಷ್ಟಲಿಂಗ, ಇನ್ನೊಂದರದು ಶಿಲುಬೆಯ ಕೃಪೆ. ಆದರೆ ದುಡಿಮೆಯ ಶುದ್ಧಿಯನ್ನು ಬಿಟ್ಟ ಪೂಜೆಗೆ ಎರಡೂ ಕಡೆ ಬೆಲೆಯಿಲ್ಲ. ಆದ್ದರಿಂದ ಹೊಸ ಬೋಧಕನ ಮಾತಿಗಿಂತ ಅವನ ನಡತೆಯನ್ನು ಅಳೆಯಲು ಇಲ್ಲಿನ ಕೇಳುಗರ ಕೈಯಲ್ಲಿ ಮೊದಲೇ ಒಂದು ಅಳತೆಗೋಲಿತ್ತು ಎನ್ನಬಹುದು.

1947ರಲ್ಲಿ ಮೈಸೂರು ಸೀಮೆಯ ವೆಸ್ಲಿಯನ್ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ ಸೇರಿಹೋದವು. ಪಂಥದ ಹೆಸರು ಹಿಂದೆ ಸರಿಯಿತು, ಅದರ ಪ್ರಶ್ನೆ ಉಳಿಯಿತು. ಸುಗ್ಗಿಯ ಹಬ್ಬದಲ್ಲಿ ರೈತ ಕ್ರೈಸ್ತರು ರಾಗಿ, ತರಕಾರಿ, ತೆಂಗಿನಕಾಯಿಗಳನ್ನು ದೇವರ ಮುಂದೆ ತಂದಿಡುತ್ತಾರೆ. ಆ ಕಾಣಿಕೆಗೆ ಅರ್ಥ ಬರುವುದು ಅಂದು ಚರ್ಚಿನಲ್ಲಿ ಮಾತ್ರವಲ್ಲ. ಮಿಕ್ಕ ಕಾಯಿಯನ್ನು ಮಾರುವ, ಕೂಲಿಯವನ ಲೆಕ್ಕ ಚುಕ್ತಾ ಮಾಡುವ ವಾರದ ದಿನಗಳಲ್ಲಿ.